ಎಡಗಡೆ ಕೂತ ಡ್ರೈವರು

ನಾನು ಸುಲಭಕ್ಕೆ ಕ್ಷಮಿಸುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಓದುವವರು ನನ್ನಿಂದ ದೊಡ್ಡತನ ನಿರೀಕ್ಷಿಸಿ ಬೇಸರಪಟ್ಟುಕೊಳ್ಳುವುದು ಬೇಡ. ಒಂಬತ್ತು ವರ್ಷ ಪ್ರತಿ ವಾರ ಇಗರ್ಜಿಯಲ್ಲಿ ಎಲ್ಲರ ಜೊತೆ ಪ್ರಾರ್ಥನೆ ಹೇಳಿದ್ದೇನೆ. ನಮಗೆ ಕೇಡು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಜಾಗ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡಿದ್ದೇನೆ. ಪಕ್ಕದಲ್ಲಿ ನಿಂತ ಗಂಡ ಮೊಣಕೈಯಿಂದ ತಿವಿಯುತ್ತಿದ್ದರು. ದೇವರ ಎದುರಿಗೇ ಸುಳ್ಳು ಹೇಳುವ ಬದಲು ಸುಮ್ಮನಿರುವುದು ವಾಸಿ ಎಂದು ನನಗೆ ತೋರುತ್ತಿತ್ತು.

ಕೇಡು ಮಾಡಿದವರು ನನ್ನ ಹಳೆಯ ಯಜಮಾನರು. ದುಬೈಯಲ್ಲಿ ಅವರದೊಂದು ಮಾಡೆಲ್ ವರ್ಕ್‌ಶಾಪು. ಇನ್ನೂ ಕಟ್ಟಿರದ ಟವರುಗಳನ್ನು, ವಿಲ್ಲಾಗಳನ್ನು ಪುಟ್ಟದಾಗಿ ಮಾಡಿ, ಒಳಗೆ ದೀಪ ಹಚ್ಚಿ, ಮನೆ ಮಾರುವವರ ಆಫೀಸಿಗೆ ಕೊಡುವ ಕೆಲಸ. ನಾನು ಅಲ್ಲಿ ಡ್ರಾಯಿಂಗ್ ಮಾಡುತ್ತಿದ್ದೆ, ಕೂತು ಜೋಡಿಸುತ್ತಲೂ ಇದ್ದೆ. ಅವರು ಉಡುಪಿ ಕಡೆಯ ತುಳುವರು, ನಾನು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನಳು. ನನ್ನ ತುಳು ಕೇಳಿದರೆ ಅವರಿಗೆ ನಗು ಬರುತ್ತಿತ್ತು, ಅವರಿಗೆ ಕೊಂಕಣಿ ಬಾರದು, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡವೇ ನಡೆಯುತ್ತಿತ್ತು. ನನ್ನನ್ನು ಅವರು, ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ, ಬಾಯಮ್ಮ ಎಂದು ಕರೆಯುತ್ತಿದ್ದರು. "ನಾವೆಲ್ಲ ಒಂದೇ ಊರಿನವರು, ಒಂದು ಮನೆಯವರ ಹಾಗೆ," ಎನ್ನುವುದು ಅವರ ಮಾಮೂಲಿ ಮಾತು. ಆ ಮಾತು ಬಂದ ದಿನ ರಜೆಯ ಅರ್ಜಿಗೆ ಸಹಿ ಬೀಳುತ್ತಿರಲಿಲ್ಲ.

ಒಂದು ಶಾಪಿಂಗ್ ಮಾಲಿನವರಿಗೆ ಅಮೆರಿಕದ ಉಗಿ ಇಂಜಿನುಗಳ ಚರಿತ್ರೆಯ ಪ್ರದರ್ಶನ ಬೇಕಾಗಿತ್ತು. ಗೋಡೆಗೆ ಹದಿನೆಂಟು ಫಲಕಗಳು, ನಡುವೆ ಮೂರು ಮೀಟರ್ ಉದ್ದದ ಒಂದು ಇಂಜಿನ್ ಮಾಡೆಲು. ಯಜಮಾನರು ಕೆಲಸವನ್ನೇನೋ ಹಿಡಿದರು, ಆದರೆ ಅವರಿಗೆ ರೈಲೆಂದರೆ ಊರಿಗೆ ಹೋದಾಗ ಹತ್ತುವುದು, ಇಳಿಯುವುದು, ಅಷ್ಟೆ. ಯಾರಿಗಾದರೂ ಇದು ಗೊತ್ತುಂಟಾ ಎಂದು ಕೇಳಿದಾಗ ನಾನು ಕೈ ಎತ್ತಿದೆ. ನನ್ನ ಪಪ್ಪ ಫೈರ್‌ಮನ್ ಎಂದೆ.

ಪಪ್ಪ ಮಂಗಳೂರಿನ ಲೋಕೋ ಶೆಡ್ಡಿನಲ್ಲಿದ್ದರು. ಫೈರ್‌ಮನ್ ಎಂದರೆ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಎಸೆಯುವವರು. ಡ್ರೈವರ್ ಆಗಬೇಕೆಂದು ಆಸೆಪಟ್ಟರು, ಕಣ್ಣಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದರು, ಮೂರನೆಯ ಸಲ ಹೋಗಲಿಲ್ಲ. ರಿಟೈರ್ ಆಗುವವರೆಗೂ ಸಲಿಕೆ ಹಿಡಿದೇ ಇದ್ದರು. ಚಿಕ್ಕವಳಿದ್ದಾಗ ನನ್ನನ್ನು ಒಮ್ಮೆ ಶೆಡ್ಡಿನಲ್ಲಿ ನಿಂತಿದ್ದ ಇಂಜಿನ್ನಿಗೆ ಹತ್ತಿಸಿದ್ದರು. ಈ ಜಾತಿಯ ಮೊದಲ ಇಂಜಿನುಗಳು ಅಮೆರಿಕದಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು ಎಂದು ಹೇಳಿ, ಯಾರೂ ಇಲ್ಲದ್ದನ್ನು ನೋಡಿಕೊಂಡು ಎಡಗಡೆಯ ಡ್ರೈವರ್ ಸೀಟಿನಲ್ಲಿ ತಾವು ಕೂತರು. ಕಿಟಕಿಯಿಂದ ತಲೆ ಹೊರಹಾಕಿದರು, ಒಂದು ಕೈಯನ್ನು ಇಂಜಿನ್ ಓಡಿಸುವ ದೊಡ್ಡ ಹಿಡಿಕೆಯ ಮೇಲಿಟ್ಟರು. "ನೋಡು, ಹೀಗೆ," ಎಂದರು. ಹೆಜ್ಜೆ ಸದ್ದು ಕೇಳಿದ ಕೂಡಲೇ ಎದ್ದುಬಿಟ್ಟರು. ಅವರು ಆ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಏಳು ತಿಂಗಳು ನಾನು ಅಮೆರಿಕದಲ್ಲೇ ಬದುಕಿದೆ ಎನ್ನಬಹುದು. ದುಬೈಯ ಮಿರ್ದಿಫ್‌ನಲ್ಲಿದ್ದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ತುಂಬ ಪುಸ್ತಕ, ಪ್ರಿಂಟು. ಗಂಡ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದರು. ಫಲಕದ ಮಾತುಗಳನ್ನೆಲ್ಲ ನಾನೇ ಬರೆದೆ. ಮೊದಮೊದಲ ಇಂಜಿನುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಅಮೆರಿಕದ ಹಗುರ ಹಳಿಯ ಮೇಲೆ, ತಿರುವುಗಳಲ್ಲಿ ಒದ್ದಾಡಿದ್ದು, ಅದಕ್ಕಾಗಿ ಅಲ್ಲಿಯವರು ಮುಂದುಗಡೆ ದಾರಿ ತೋರಿಸುವ ಪುಟ್ಟ ಚಕ್ರಗಳನ್ನು ಸೇರಿಸಿದ್ದು. ಸೌದೆ ಉರಿಸುವಾಗ ಕಿಡಿ ಹಾರಿ ಹೊಲಗಳಿಗೆ ಬೆಂಕಿ ಬೀಳದಿರಲೆಂದು ಹೊಗೆ ಕೊಳವೆಯ ಮೇಲ್ತುದಿಯನ್ನು ಕೊಡಪಾನದಷ್ಟು ಅಗಲ ಮಾಡಿದ್ದು. ಹಳಿಗೆ ಬಂದ ದನಗಳನ್ನು ಪಕ್ಕಕ್ಕೆ ತಳ್ಳಲು ಮೂತಿಗೆ ಕಟ್ಟಿದ ಕಬ್ಬಿಣದ ಜಾಲರಿ. ಮರುಭೂಮಿಯಲ್ಲಿ ಇಂಜಿನ್ನಿಗೆ ಕುಡಿಸಲು ನೀರನ್ನೂ ರೈಲಿನಲ್ಲೇ ಸಾಗಿಸಬೇಕಾಗಿದ್ದದ್ದು. ಇಲ್ಲಿ ಕೂತು ಅದನ್ನು ಬರೆಯಲು ನನಗೆ ಕಷ್ಟವೇನೂ ಆಗಲಿಲ್ಲ. ಚೀನಾದಿಂದ ಬಂದ ಕೂಲಿಯವರು ಬೆಟ್ಟ ಕೊರೆದು ಹಳಿ ಹಾಕಿದ್ದು, ಎರಡು ದಿಕ್ಕಿನಿಂದ ಬಂದ ಹಳಿಗಳು ಕೂಡಿದ ದಿನದ ಚಿತ್ರದಲ್ಲಿ ಮಾತ್ರ ಅವರ ಮುಖಗಳನ್ನು ಹುಡುಕಬೇಕಾಗಿರುವುದು. ಕೊನೆಗೆ, ಇಂಜಿನುಗಳು ಹಿಂದೆಂದೂ ಇಲ್ಲದಷ್ಟು ದೊಡ್ಡವಾಗಿ, ಚೆಂದವಾಗಿ ತಯಾರಾಗುತ್ತಿದ್ದ ಹೊತ್ತಿಗೇ ಡೀಸೆಲ್ ಬಂದು, ಕೆಲವೇ ವರ್ಷಗಳಲ್ಲಿ ಎಲ್ಲವೂ ಗುಜರಿಗೆ ಹೋದದ್ದು.

ಹನ್ನೊಂದನೆಯ ಫಲಕ ಫೈರ್‌ಮನ್‌ಗಳದು. ಅಮೆರಿಕದ ದಕ್ಷಿಣ ಭಾಗದಲ್ಲಿ ಕರಿಯ ಜನರನ್ನು ಫೈರ್‌ಮನ್ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು, ಆದರೆ ಡ್ರೈವರ್ ಮಾಡುತ್ತಿರಲಿಲ್ಲ. ಜೀವಮಾನವಿಡೀ ಕಲ್ಲಿದ್ದಲು ಎಸೆದವನು, ಇಂಜಿನ್ನಿನ ಪ್ರತಿ ಉಸಿರು ಗೊತ್ತಿದ್ದವನು, ನಿನ್ನೆ ಮೊನ್ನೆ ಬಂದ ಬಿಳಿಯನಿಗೆ ಕೆಲಸ ಕಲಿಸಿ, ಅವನು ಡ್ರೈವರ್ ಆಗುವುದನ್ನು ನೋಡುತ್ತ ನಿಲ್ಲಬೇಕಾಗಿತ್ತು. ಯಜಮಾನರು ಈ ಫಲಕವನ್ನು ತೆಗೆಸಿದರು.

"ಮಾಲಿಗೆ ಜನ ಬರುದು ಐಸ್‌ಕ್ರೀಮ್ ತಿನ್ಲಿಕ್ಕೆ ಬಾಯಮ್ಮ, ಅಳ್ಲಿಕ್ಕಲ್ಲ. ಇದೆಲ್ಲ ಎಂತಕ್ಕೆ?"

ನಾನು ಹನ್ನೆರಡನೆಯ ಫಲಕಕ್ಕೆ ಕೈಹಾಕಿದೆ.

ಇಂಜಿನ್ನಿನ ಹೊರಮೈಗೆ ಬೇಕಾದಷ್ಟು ಚಿತ್ರಗಳು ಸಿಕ್ಕಿದ್ದವು. ಡ್ರೈವರ್ ಮತ್ತು ಫೈರ್‌ಮನ್ ನಿಲ್ಲುವ ಗೂಡಿನ ಒಳಗಿನ ಚಿತ್ರಗಳು ಕಡಿಮೆ ಇದ್ದವು, ನಾನು ಹೆಚ್ಚು ಹುಡುಕಲೂ ಇಲ್ಲ. ಒಳಗೆ ಏನಿರುತ್ತದೆ ಎಂದು ನನಗೆ ಯಾರು ಹೇಳಿಕೊಡಬೇಕು, ನಾನು ಕಣ್ಣಾರೆ ಕಂಡವಳು ಎಂಬ ಜಂಬ. ಎಡಗಡೆ ಡ್ರೈವರ್ ಸೀಟು, ಅದರ ಮುಂದೆ ದೊಡ್ಡ ಹಿಡಿಕೆ. ಆ ಸೀಟಿಗೆ ಒಂದು ಗೇಣಿನ ಗೊಂಬೆ ಕೆತ್ತಿದೆ. ಕುತ್ತಿಗೆಗೆ ಚೌಕಳಿಯ ಕರವಸ್ತ್ರ, ಸ್ವಲ್ಪ ಮುಂದೆ ಬಾಗಿದ ಬೆನ್ನು, ಕಿಟಕಿಯಿಂದ ಹೊರಗಿಟ್ಟ ತಲೆ. ಪಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವರಿಗೆ ಯಾರೂ ಕೊಡದ ಸೀಟನ್ನು ನಾನು ಕೊಟ್ಟೆ. ಈ ಸಲ ಹೆಜ್ಜೆ ಸದ್ದಿಗೆ ಏಳಬೇಕಾಗಿಲ್ಲ ಎಂದುಕೊಂಡೆ.

ಪ್ರದರ್ಶನ ಶುರುವಾದ ದಿನ ಬಾಗಿಲಲ್ಲೇ ದೊಡ್ಡ ಹಲಗೆ. ಸಂಶೋಧನೆ, ಬರವಣಿಗೆ, ವಿನ್ಯಾಸ, ರಚನೆ, ನಾಲ್ಕರ ಮುಂದೆಯೂ ಯಜಮಾನರ ಹೆಸರು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಬಂದ ಅತಿಥಿಗಳ ಎದುರು ಅವರು ಇಂಜಿನ್ನಿನ ಮೇಲೆ ಕೈಯಿಟ್ಟು, ತಮ್ಮ ತಂದೆ ಉಗಿ ಇಂಜಿನ್ನಿನಲ್ಲಿ ಕೆಲಸ ಮಾಡಿದವರೆಂದೂ, ಚಿಕ್ಕಂದಿನಲ್ಲಿ ತಮ್ಮನ್ನು ಒಳಗೆ ಹತ್ತಿಸಿ, ಯಾರೂ ಇಲ್ಲದಾಗ ಡ್ರೈವರ್ ಸೀಟಿನಲ್ಲಿ ಕೂತು ತೋರಿಸಿದ್ದರೆಂದೂ ಹೇಳಿದರು. ಹಿಂದೊಮ್ಮೆ ವರ್ಕ್‌ಶಾಪಿನಲ್ಲಿ ಊಟದ ಹೊತ್ತಿನಲ್ಲಿ ನಾನೇ ಹೇಳಿದ್ದ ಕಥೆ ಅದು. ಅವರ ತಂದೆಗೆ ಇದ್ದದ್ದು ಒಂದು ಹೋಟೆಲು. ನಾನು ಅಲ್ಲಿಯ ಬನ್ಸ್ ತಿಂದವಳು.

ಮರುದಿನ ಹೋಗಿ ಕೇಳಿದೆ. ನನ್ನ ಹೆಸರು ಒಂದು ಮೂಲೆಯಲ್ಲಾದರೂ ಇರಲಿ, ಪಪ್ಪನ ಕಥೆ ಮಾತ್ರ ಹೇಳಬೇಡಿ ಎಂದೆ.

"ಕಂಪೆನಿ ಅಂದ್ರೆ ನಾನು," ಎಂದರು. "ಗಮ್ ಹಚ್ಚಿದವರ ಹೆಸರೆಲ್ಲ ಹಾಕ್ಲಿಕ್ಕೆ ಆಗ್ತದಾ? ಕಥೆಗೆ ಎಂತ, ಯಾರದ್ದಾದ್ರೂ ಒಂದೇ. ಜನ ಖುಷಿ ಪಟ್ರು, ಖಲಾಸ್."

ನನ್ನ ದನಿ ಸ್ವಲ್ಪ ಏರಿತು. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಕೇಳಿಸಿತು. ವಾರದೊಳಗೆ ಕೆಲಸ ಹೋಯಿತು, ವೀಸಾ ರದ್ದಾಯಿತು, ನಾನು ಗಂಡನ ವೀಸಾಕ್ಕೆ ಸೇರಿ ಮಿರ್ದಿಫ್‌ನಲ್ಲಿ ಮನೆಯೊಳಗೆ ಕೂತೆ. ಆಗಲೇ ಪ್ರಾರ್ಥನೆಯ ಆ ಸಾಲು ನನ್ನ ಬಾಯಿಂದ ಬಿಟ್ಟುಹೋದದ್ದು.

ಕೆಲಸವಿಲ್ಲದ ಕೈಗೆ ಫೋನೇ ಗತಿ. ಒಂದು ಬೆಳಗ್ಗೆ ಅಮೆರಿಕದ ಹಳೆಯ ಇಂಜಿನೊಂದರ ವಿಡಿಯೋ ನೋಡುತ್ತಿದ್ದೆ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ್ದ. ಬಲಗಡೆಯ ಕಿಟಕಿಯಿಂದ. ಇನ್ನೊಂದು ವಿಡಿಯೋ ನೋಡಿದೆ, ಮತ್ತೊಂದು ನೋಡಿದೆ. ಎಲ್ಲದರಲ್ಲೂ ಡ್ರೈವರ್ ಬಲಕ್ಕೆ, ಫೈರ್‌ಮನ್ ಎಡಕ್ಕೆ. ನಮ್ಮ ರೈಲು ಎಡಗಡೆ ಓಡುತ್ತದೆ, ಸಿಗ್ನಲ್ಲೂ ಎಡಗಡೆ, ಆದ್ದರಿಂದ ನಮಗೆ ಕಳಿಸುವ ಇಂಜಿನ್ನಿನಲ್ಲಿ ಅಮೆರಿಕದವರು ಡ್ರೈವರನ್ನು ಎಡಕ್ಕೆ ಕೂರಿಸಿದ್ದರು. ತಮ್ಮ ಮನೆಯ ಇಂಜಿನ್ನಿನಲ್ಲಿ ಬಲಕ್ಕೇ ಇಟ್ಟುಕೊಂಡಿದ್ದರು. ಮಂಗಳೂರಿನ ಶೆಡ್ಡಿನಲ್ಲಿ ಕಲಿತವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪನ್ನು ನಾನು ಮಾಡಿದ್ದೆ. ಪಪ್ಪನನ್ನು ಡ್ರೈವರ್ ಮಾಡಲು ಹೊರಟು, ಮತ್ತೆ ಫೈರ್‌ಮನ್ನಿನ ಸೀಟಿನಲ್ಲೇ ಕೂರಿಸಿದ್ದೆ.

ಮೊದಲು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಚಹಾ ಮಾಡುವಾಗ ಹೊಳೆಯಿತು: ಆ ಇಂಜಿನ್ನಿನ ಮೇಲೆ ನನ್ನ ಹೆಸರಿಲ್ಲ. ತಪ್ಪು ಯಾರದು? ಹಲಗೆಯ ಮೇಲೆ ಯಾರ ಹೆಸರಿದೆಯೋ ಅವರದು. ನನಗೆ ನಗು ಬಂತು. ಬಹಳ ದಿನಗಳ ನಂತರ ಬಂದ ನಗು. ಆ ದಿನದಿಂದ ನಾನು ಈ ತಪ್ಪನ್ನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿಟ್ಟು ಬಾಯಿ ಕಟ್ಟಿದೆ. ಗಂಡನಿಗೂ ಹೇಳಲಿಲ್ಲ. ಅವರು ಒಳ್ಳೆಯವರು, ಹೋಗಿ ಹೇಳಿ ಸರಿಮಾಡಿಸುವ ಜಾತಿ.

ಮಾಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಜನ ಬಂದರು, ಸೆಲ್ಫಿ ತೆಗೆದರು, ಹೋದರು. ಆಮೇಲೆ ಇಂಜಿನು ಯಜಮಾನರ ಆಫೀಸಿನ ಮುಂದುಗಡೆ ಗಾಜಿನ ಪೆಟ್ಟಿಗೆಯಲ್ಲಿ ನಿಂತಿತೆಂದು ಹಳೆಯ ಸಹೋದ್ಯೋಗಿಗಳಿಂದ ತಿಳಿಯಿತು. ಗಂಡನಿಗೆ ಅಬುಧಾಬಿಯಾಚೆಯ ಮರುಭೂಮಿಯ ಊರು ಮದೀನತ್ ಜಾಯೆದ್‌ಗೆ ವರ್ಗವಾಗಿ, ಅವರು ವಾರದ ಕೊನೆಗೆ ಮಾತ್ರ ಮನೆಗೆ ಬರುವಂತಾಯಿತು. ಅವರಿಗೆ ಅಷ್ಟಾದರೂ ಹತ್ತಿರವಾಗಲೆಂದು ನಾವು ದುಬೈ ಬಿಟ್ಟು ಅಬುಧಾಬಿಯ ಖಲೀಫಾ ಸಿಟಿಗೆ ಬಂದೆವು. ಅಲ್ಲಿ ಅಮೆರಿಕನ್ ಪಾಠಕ್ರಮದ ಒಂದು ಶಾಲೆಯ ಲೈಬ್ರರಿಯಲ್ಲಿ ನನಗೆ ಕೆಲಸ ಸಿಕ್ಕಿತು. ವರ್ಷಗಳು ಹೋದವು. ನಾನು ಮರೆತೆ ಎಂದುಕೊಂಡವರಿದ್ದರು.

ಕೆಲವು ತಿಂಗಳ ಹಿಂದೆ ಒಂದು ದಿನ ಪ್ರಿನ್ಸಿಪಾಲರು ಸಂಭ್ರಮದಿಂದ ಬಂದರು. ಅಮೆರಿಕದ ಉಗಿ ಇಂಜಿನ್ನಿನ ಒಂದು ಅದ್ಭುತ ಮಾಡೆಲ್ ನಮ್ಮ ಲೈಬ್ರರಿಗೆ ಬರುತ್ತದೆ, ಫಲಕಗಳೂ ಇವೆ, ಮಾಡಿದವರೇ ಬಂದು ಭಾಷಣ ಮಾಡುತ್ತಾರೆ ಎಂದರು. ಫೋಟೋ ತೋರಿಸಿದರು. ಕಿಟಕಿಯಲ್ಲಿ ಚೌಕಳಿಯ ಕರವಸ್ತ್ರ ಕಂಡಿತು. "ಬಹಳ ಚೆನ್ನಾಗಿದೆ," ಎಂದೆ. ಅಷ್ಟೇ ಎಂದೆ. ಇದು ನನ್ನದೆಂದು ಹೇಳಬಹುದಿತ್ತು. ಆದರೆ ಸಾಕ್ಷಿ ಏನಿತ್ತು ನನ್ನ ಹತ್ತಿರ? ಹೊಟ್ಟೆಕಿಚ್ಚಿನ ಹಳೆಯ ನೌಕರಳು ಎನ್ನುತ್ತಿದ್ದರು.

ಬದಲಿಗೆ ನಾನು ಮಾಡಿದ್ದು ಒಂದೇ ಕೆಲಸ. ನಮ್ಮ ಭೌತಶಾಸ್ತ್ರದ ಟೀಚರ್ ಅಮೆರಿಕದವರು. ಅವರ ತಂದೆ ಮಗಳ ಮನೆಗೆ ಬಂದಿದ್ದರು. ಎಂಬತ್ತು ದಾಟಿದ ಮುದುಕರು, ತಮ್ಮ ಊರಿನಲ್ಲಿ ಪ್ರವಾಸಿಗಳಿಗಾಗಿ ಓಡಿಸುವ ಹಳೆಯ ಉಗಿ ರೈಲಿನಲ್ಲಿ ಇಪ್ಪತ್ತು ವರ್ಷ ಫೈರ್‌ಮನ್ ಆಗಿ ದುಡಿದವರು. ಪುಸ್ತಕ ಹುಡುಕಿಕೊಂಡು ಲೈಬ್ರರಿಗೆ ಬಂದಾಗ ನನಗೆ ಇದನ್ನೆಲ್ಲ ಹೇಳಿದ್ದರು. ನಾನು ಅವರಿಗೆ ಒಂದು ಆಮಂತ್ರಣ ಕೊಟ್ಟೆ. ಮೊದಲ ಸಾಲಿನ ನಡುವಿನ ಕುರ್ಚಿಗೆ ಕಾಗದ ಅಂಟಿಸಿ ಅವರಿಗೆಂದು ಕಾದಿರಿಸಿದೆ. ಇಂಜಿನ್ ಇಡುವ ಮೇಜನ್ನು ಎಡಗಡೆಯ ಕಿಟಕಿ ಆ ಕುರ್ಚಿಗೆ ಎದುರಾಗುವಂತೆ ತಿರುಗಿಸಿ ಇಡಿಸಿದೆ.

ಹಿಂದಿನ ದಿನ ಯಜಮಾನರು ಜೋಡಿಸಲು ಬಂದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಒಂದು ಕ್ಷಣ ಗಲಿಬಿಲಿಯಾದರು, ಮರುಕ್ಷಣ ನಕ್ಕರು.

"ಓ, ಬಾಯಮ್ಮ! ನೀವು ಇಲ್ಲಿ ಉಂಟಾ? ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಳ್ಬೇಡಿ ಮಾರಾಯ್ರೆ. ಎಷ್ಟಾದ್ರೂ ನಾವು ಒಂದೇ ಊರಿನವರು."

"ಇಲ್ಲ ಸರ್," ಎಂದೆ.

"ನಿಮ್ಮ ಕಣ್ಣು ಬಾರೀ ಸೂಕ್ಷ್ಮ ಅಲ್ವಾ? ಒಮ್ಮೆ ನೋಡಿ ಆಯ್ತಾ, ಎಲ್ಲಿಯಾದ್ರೂ ಎಂತಾದ್ರೂ ತಪ್ಪು ಉಂಟಾ ಅಂತ."

ನಾನು ಬಗ್ಗಿ ನೋಡಿದೆ. ಒಂಬತ್ತು ವರ್ಷಗಳ ನಂತರ ಪಪ್ಪನ ಬೆನ್ನು ಕಂಡಿತು. ಕರವಸ್ತ್ರದ ಬಣ್ಣ ಸ್ವಲ್ಪ ಮಾಸಿತ್ತು. ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅರ್ಧ ಗಂಟೆಯಲ್ಲಿ ಸರಿಮಾಡಬಹುದಿತ್ತು.

"ಎಂತದೂ ಇಲ್ಲ ಸರ್. ಚೆಂದ ಉಂಟು," ಎಂದೆ. ಹಾಗೆ ಹೇಳುವಾಗ ನನಗಾದ ಸುಖವನ್ನು ಇಂದಿಗೂ ಮರೆತಿಲ್ಲ.

ಮರುದಿನ ಬೆಳಗ್ಗೆ ಲೈಬ್ರರಿ ತುಂಬಿತ್ತು. ಮೈಕ್ ನೋಡಿಕೊಳ್ಳುವ ಕೆಲಸ ನನ್ನದು. ಯಜಮಾನರು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತನಾಡಿದರು. ನನ್ನ ಫಲಕಗಳ ಮಾತುಗಳನ್ನೇ ಬಾಯಿಪಾಠ ಮಾಡಿದ್ದರು. ಆಮೇಲೆ ಆ ಕಥೆಗೆ ಬಂದರು. ತಮ್ಮ ತಂದೆ ತಮ್ಮನ್ನು ಇಂಜಿನ್ನಿಗೆ ಹತ್ತಿಸಿದ್ದು, ಸೀಟಿನಲ್ಲಿ ಕೂತು ತೋರಿಸಿದ್ದು. ಒಂಬತ್ತು ವರ್ಷಗಳಲ್ಲಿ ಆ ತಂದೆ ಡ್ರೈವರ್ ಆಗಿ ಬಡ್ತಿಯನ್ನೂ ಪಡೆದಿದ್ದರು. "ಈ ಗೂಡಿನ ಒಳಗಿನ ಒಂದೊಂದು ಹಿಡಿಕೆಯನ್ನೂ ನಾನು ಕಣ್ಣಾರೆ ಕಂಡು ಮಾಡಿದ್ದೇನೆ," ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಪ್ರಶ್ನೆಗಳಿವೆಯೇ ಎಂದಾಗ ನಾನು ಮೈಕನ್ನು ನೇರವಾಗಿ ಮುದುಕರ ಕೈಗೆ ಕೊಟ್ಟೆ. ಅವರು ಬಹಳ ಮರ್ಯಾದೆಯಿಂದ, ಇಷ್ಟು ಸುಂದರವಾದ ಕೆಲಸವನ್ನು ತಾವು ನೋಡಿಲ್ಲ ಎಂದರು. ಒಂದೇ ಒಂದು ಅನುಮಾನ ಎಂದರು. "ನಮ್ಮ ದೇಶದ ಇಂಜಿನ್ನಿನಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆ. ಈ ಡ್ರೈವರ್ ಕೂತಿರುವುದು ನನ್ನ ಸೀಟಿನಲ್ಲಿ, ಫೈರ್‌ಮನ್ನಿನ ಸೀಟಿನಲ್ಲಿ. ಹಿಡಿಕೆಯೂ ಈ ಕಡೆ ಬಂದುಬಿಟ್ಟಿದೆ. ನೀವು ಕಣ್ಣಾರೆ ಕಂಡದ್ದು ಯಾವ ಇಂಜಿನ್?"

ಯಜಮಾನರು ಇಂಜಿನ್ನನ್ನು ನೋಡಿದರು, ಮುದುಕರನ್ನು ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು. ಅವರು ಅಲ್ಲೇ ಕುಗ್ಗಿ ಹೋಗುತ್ತಾರೆ, ಅದನ್ನು ನೋಡಿ ನಾನು ಮನೆಗೆ ಹೋಗಿ ನೆಮ್ಮದಿಯಿಂದ ಮೀನು ಹುರಿದು ತಿನ್ನುತ್ತೇನೆ ಎಂದಷ್ಟೇ ನಾನು ಯೋಚಿಸಿದ್ದು. ಆದರೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಬೆರಳು ಎತ್ತಿದರು.

"ಅದನ್ನು ನಾನು ಮಾಡಿದ್ದಲ್ಲ. ಅವರು ಮಾಡಿದ್ದು," ಎಂದರು. "ಆಗ ನಮ್ಮಲ್ಲಿ ಕೆಲಸಕ್ಕಿದ್ದರು. ಇಂಜಿನ್ ಪೂರ್ತಿ ಅವರೇ ಮಾಡಿದ್ದು. ನಾನು ಕೈ ಹಾಕಲೇ ಇಲ್ಲ."

ಇಡೀ ಲೈಬ್ರರಿ ನನ್ನತ್ತ ತಿರುಗಿತು. ಒಂಬತ್ತು ವರ್ಷದ ಹಿಂದೆ ನಾನು ಬೇಡಿದ್ದ ಮಾತು ಅವರ ಬಾಯಿಂದಲೇ ಬಂದಿತ್ತು. ನಾನು ಮುದುಕರ ಕೈಯಿಂದ ಮೈಕ್ ತೆಗೆದುಕೊಂಡು ಯಜಮಾನರ ಹತ್ತಿರ ಹೋದೆ.

"ಮೈಕ್ ತಕೊಳ್ಳಿ ಸರ್," ಎಂದೆ ಕನ್ನಡದಲ್ಲಿ, ಮೆಲ್ಲಗೆ. "ಹಿಂದೆ ಕೂತವರಿಗೆ ಕೇಳ್ಲಿಲ್ಲ. ಇನ್ನೊಮ್ಮೆ ಹೇಳಿ."

ಅವರಿಗೆ ಅರ್ಥವಾಯಿತು. ಆದರೆ ಮಾತು ಆಡಿಯಾಗಿತ್ತು, ಪ್ರಿನ್ಸಿಪಾಲರು ಕಾಯುತ್ತಿದ್ದರು. ಇನ್ನೊಮ್ಮೆ ಹೇಳಿದರು, ಮೈಕಿನಲ್ಲಿ. ಹಾಗಾದರೆ ಫಲಕಗಳನ್ನು ಬರೆದವರು ಯಾರು ಎಂದು ಪ್ರಿನ್ಸಿಪಾಲರು ಕೇಳಿದರು. ಅದೂ ಅವರೇ ಎಂದರು ಯಜಮಾನರು, ದನಿ ಕೆಳಗಿಳಿಸಿ. ಫಲಕಗಳಲ್ಲಿ ಇನ್ನೆಷ್ಟು ತಪ್ಪುಗಳಿವೆಯೋ ಎಂಬ ಹೆದರಿಕೆ ಅವರನ್ನು ಹಿಡಿದಿರಬೇಕು.

ಆಮೇಲೆ ಮೈಕ್ ನನ್ನ ಕೈಗೆ ಬಂತು. ನಾನು ಹೆಚ್ಚೇನೂ ಹೇಳಲಿಲ್ಲ. ಮೊದಲ ಮೊಳೆಯಿಂದ ಕೊನೆಯ ಬಣ್ಣದವರೆಗೆ ಇದು ನನ್ನದು, ತಪ್ಪೂ ನನ್ನದೇ ಎಂದೆ. ಮಂಗಳೂರಿನ ಶೆಡ್ಡಿನ ವಿಷಯ ಹೇಳಿದೆ. ಕೂತಿರುವವರು ಯಾರು ಎಂದು ಮುದುಕರು ಕೇಳಿದರು. "ನನ್ನ ಅಪ್ಪ," ಎಂದೆ. "ಫೈರ್‌ಮನ್. ಕೊನೆಯವರೆಗೂ ಫೈರ್‌ಮನ್." ಮುದುಕರು ಎದ್ದು ಬಂದು ಇಂಜಿನ್ನಿನ ಕಿಟಕಿಯ ಎದುರು ನಿಂತು ತಮ್ಮ ಟೋಪಿ ತೆಗೆದರು.

ಮಾಡೆಲ್ ಶಾಲೆಗೆ ಕೊಡುವ ಮೊದಲು ಸರಿಮಾಡಲೇಬೇಕೆಂದು ಪ್ರಿನ್ಸಿಪಾಲರು ಹೇಳಿದರು. ಯಜಮಾನರು ಫೋನ್ ತೆಗೆದು ವರ್ಕ್‌ಶಾಪಿನಿಂದ ಯಾರನ್ನೋ ಕರೆಸಲು ಹೊರಟರು.

"ಯಾರೂ ಬೇಡ ಸರ್," ಎಂದೆ. "ನಾನೇ ಮಾಡ್ತೇನೆ. ನೀವು ಟಾರ್ಚ್ ಹಿಡೀರಿ, ಒಳಗೆ ಕತ್ತಲೆ ಉಂಟು."

ಎರಡು ಗಂಟೆ ಹಿಡಿಯಿತು. ಅರ್ಧ ಗಂಟೆಯಲ್ಲಿ ಆಗುತ್ತಿತ್ತು, ನಾನು ಎರಡು ಗಂಟೆ ಮಾಡಿದೆ. ಅವರು ಮೊಣಕಾಲೂರಿ ಟಾರ್ಚ್ ಹಿಡಿದಿದ್ದರು. ಮಕ್ಕಳು ಹೋಗಿಬರುತ್ತ ನೋಡುತ್ತಿದ್ದರು. ನಡುವೆ ಅವರ ಕೈ ಸೋತು ಬೆಳಕು ಅಲುಗಿತು.

"ಸರಿಯಾಗಿ ಹಿಡೀರಿ ಸರ್," ಎಂದೆ. "ಇನ್ನು ಸ್ವಲ್ಪ ಹತ್ತಿರ."

"ಸಾಕಲ್ವಾ ಬಾಯಮ್ಮ?" ಎಂದರು. ಟಾರ್ಚಿನ ಬಗ್ಗೆ ಅಲ್ಲ ಅವರು ಕೇಳಿದ್ದು.

"ಸಾಲ್ದು," ಎಂದೆ.

ಹಿಡಿಕೆಯನ್ನು ಬಲಕ್ಕೆ ಕೂರಿಸಿದೆ. ಎಡಗಡೆಯ ಸೀಟಿನಿಂದ ಪಪ್ಪನನ್ನು ಬಿಡಿಸಿ, ಬಲಗಡೆಗೆ ತಂದು, ತಲೆಯನ್ನು ಆ ಕಡೆಯ ಕಿಟಕಿಗೆ ತಿರುಗಿಸಿ ಅಂಟಿಸಿದೆ. ಗಮ್ ಒಣಗುವವರೆಗೆ ಬೆರಳಿನಿಂದ ಅವರ ಬೆನ್ನು ಒತ್ತಿ ಹಿಡಿದುಕೊಂಡಿದ್ದೆ. ನಲವತ್ತು ವರ್ಷ ತಡವಾಗಿ, ಅಮೆರಿಕದ ಇಂಜಿನ್ನಿನಲ್ಲಿ, ಪಪ್ಪ ಡ್ರೈವರ್ ಆದರು.

ಈಗ ಹಲಗೆಯ ಮೇಲೆ ನನ್ನ ಹೆಸರಿದೆ. ನಾನು ಮತ್ತೆ ಬರೆದ ಹನ್ನೊಂದನೆಯ ಫಲಕವೂ ಗೋಡೆಗೆ ಬಂದಿದೆ. ಆ ವಾರ ಇಗರ್ಜಿಯಲ್ಲಿ ಗಂಡ ನನ್ನತ್ತಲೇ ನೋಡುತ್ತಿದ್ದರು. ಎಲ್ಲ ಗೊತ್ತಾದ ಮೇಲೆ, ಈ ಸಲವಾದರೂ ನಾನು ಬಾಯಿ ಬಿಡುತ್ತೇನೆಂದು ಅವರಿಗೊಂದು ಆಸೆ ಇತ್ತು. ಕ್ಷಮಿಸಿದ್ದೇವೆ ಎನ್ನುವ ಆ ಸಾಲು ಬಂತು. ಗೂಡಿನೊಳಗೆ ಅಲುಗುತ್ತಿದ್ದ ಆ ಟಾರ್ಚಿನ ಬೆಳಕು ನೆನಪಾಯಿತು, ಬಾಯಿ ತೆರೆಯಲೂ ಹೋದೆ. ಕಥೆ ಯಾರದ್ದಾದರೂ ಒಂದೇ ಎಂದು ಯಜಮಾನರು ಅಂದ ಮಾತೂ ಅದರ ಜೊತೆಗೇ ನೆನಪಾಯಿತು. ನಾನು ಮತ್ತೆ ಬಾಯಿ ಮುಚ್ಚಿಕೊಂಡೆ.